ಒಂದೆಲಗದ ಸೊಪ್ಪು



ಹಲಸೂರಿನ ಬಜಾರು ಬೀದಿಯಲ್ಲಿ ಸೊಪ್ಪು ಮಾರುವವರ ಮುಂದೆ ನಿಂತು ನೀವು ‘ಒಂದೆಲಗ ಇದೆಯೇ?’ ಎಂದು ಕೇಳಬಹುದು. ಪಕ್ಕದಲ್ಲಿ ನಿಂತವರು ‘ವಲ್ಲಾರೈ’ ಎಂದು ಕೇಳಬಹುದು. ಇಬ್ಬರ ಚೀಲಕ್ಕೂ ಬೀಳುವ ಕಟ್ಟು ಒಂದೇ. 1947ರವರೆಗೆ ದಂಡಿನ ಆಡಳಿತಕ್ಕೆ ಸೇರಿದ್ದ ಈ ಭಾಗದಲ್ಲಿ ಕನ್ನಡವೂ ತಮಿಳೂ ನೆರೆಹೊರೆಯ ಮಾತುಗಳಾಗಿರುವುದರಿಂದ, ಒಂದು ಸೊಪ್ಪಿಗೆ ಎರಡು ಹೆಸರಿರುವುದು ಆಶ್ಚರ್ಯವಲ್ಲ. ಕರಾವಳಿಯಲ್ಲಿ ಇದೇ ತಿಮರೆ. ಸಂಸ್ಕೃತ ವೈದ್ಯಗ್ರಂಥಗಳಲ್ಲಿ ಮಂಡೂಕಪರ್ಣಿ. ಈ ನಾಲ್ಕು ಹೆಸರುಗಳಿಂದ ಯಾವ ತೊಂದರೆಯೂ ಇಲ್ಲ. ತೊಂದರೆಯೆಲ್ಲ ‘ಬ್ರಾಹ್ಮಿ’ ಎಂಬ ಐದನೆಯ ಹೆಸರಿನಿಂದ.

ಬ್ರಾಹ್ಮಿಯೆಂದು ನಮ್ಮಲ್ಲಿ ಅನೇಕರು ಒಂದೆಲಗವನ್ನೇ ಕರೆಯುತ್ತಾರೆ. ಆದರೆ ನೀರುಬ್ರಾಹ್ಮಿಯೆಂಬ ಬೇರೊಂದು ಗಿಡವುಂಟು. ಅದರ ಎಲೆ ಚಿಕ್ಕದು, ದಪ್ಪನಾದುದು, ಜೋಡಿಜೋಡಿಯಾಗಿ ಇರುವಂಥದು. ಒಂದೆಲಗದ ಎಲೆಯಾದರೋ ಕುದುರೆಯ ಗೊರಸಿನಂತೆ ದುಂಡಗಿದ್ದು, ಅಂಚಿನಲ್ಲಿ ಸಣ್ಣ ಹಲ್ಲುಗಳುಳ್ಳದ್ದು. ಒಂದು ತೊಟ್ಟಿಗೆ ಒಂದೇ ಎಲೆ. ಸಸ್ಯದ ಅಂಗಡಿಗಳಲ್ಲಿ ಅಲಂಕಾರಕ್ಕೆಂದು ಮಾರುವ ಇನ್ನೊಂದು ದುಂಡೆಲೆಯ ಬಳ್ಳಿಯನ್ನು ಕಂಡು ಮೋಸಹೋಗುವುದೂ ಉಂಟು. ಅದರಲ್ಲಿ ತೊಟ್ಟು ಕೊಡೆಯ ಹಿಡಿಯಂತೆ ಎಲೆಯ ನಡುವಿಗೆ ಕೂಡಿರುತ್ತದೆ. ಒಂದೆಲಗದಲ್ಲಿ ಎಲೆಯ ಸೀಳಿಗೆ ಕೂಡಿರುತ್ತದೆ. ಇಷ್ಟನ್ನು ನೋಡಿಕೊಂಡರೆ ಸಾಕು.

ಚರಕಸಂಹಿತೆಯು ಮೇಧ್ಯ ರಸಾಯನಗಳೆಂದು ಹೇಳುವ ನಾಲ್ಕರಲ್ಲಿ ಮಂಡೂಕಪರ್ಣಿಯ ರಸವೂ ಒಂದು. ಪರೀಕ್ಷೆ ಹತ್ತಿರವಾದೊಡನೆ ಮಕ್ಕಳಿಗೆ ಈ ರಸವನ್ನು ಬಲವಂತವಾಗಿ ಕುಡಿಸುವ ತಾಯಂದಿರು ಇದನ್ನೇ ಆಧಾರವಾಗಿ ಹೇಳುತ್ತಾರೆ. ನಮ್ಮ ಕಾಲದ ಪರೀಕ್ಷಕರು ಮನುಷ್ಯರ ಮೇಲೆ ಪ್ರಯೋಗಮಾಡಿ ನೋಡಿದಾಗ ಜ್ಞಾಪಕಶಕ್ತಿಯ ವಿಷಯದಲ್ಲಿ ದೊರೆತ ಫಲ ಏಕರೀತಿಯಾಗಿಲ್ಲ. ಎಲೆಯಲ್ಲಿರುವ ಏಷಿಯಾಟಿಕೋಸೈಡ್ ಎಂಬ ದ್ರವ್ಯವು ಗಾಯ ಮಾಯುವುದಕ್ಕೆ ನೆರವಾಗುವುದೆಂಬುದಕ್ಕೆ ಇದಕ್ಕಿಂತ ಹೆಚ್ಚಿನ ಆಧಾರವುಂಟು. ಗರ್ಭಿಣಿಯರೂ ಯಕೃತ್ತಿನ ವ್ಯಾಧಿಯುಳ್ಳವರೂ ಇದರ ಸಾರವನ್ನಾಗಲಿ ಮಾತ್ರೆಗಳನ್ನಾಗಲಿ ವೈದ್ಯರನ್ನು ಕೇಳದೆ ಸೇವಿಸತಕ್ಕದ್ದಲ್ಲ. ಮಗುವಿಗೆ ಓದಿನ ಕಾಲದಲ್ಲಿ ಬೇಕಾದ್ದು ನಿದ್ರೆ. ಸೊಪ್ಪು ಊಟದ ಎಲೆಯಲ್ಲಿರಲಿ.

ಊಟದ ಎಲೆಗೆ ಬಂದರೆ ತಂಬುಳಿಗೆ ಸಮನಾದುದಿಲ್ಲವೆಂದು ನನ್ನ ಮತ. ಎರಡು ಹಿಡಿ ಎಲೆಯನ್ನು ತೊಟ್ಟಿನೊಡನೆ ಬಿಡಿಸಿ ತೊಳೆದುಕೊಳ್ಳಿ. ಒಂದು ಚಮಚ ತುಪ್ಪದಲ್ಲಿ ಅರ್ಧ ಚಮಚ ಜೀರಿಗೆ, ಆರೇಳು ಮೆಣಸಿನ ಕಾಳು ಹುರಿದು, ಅದರಲ್ಲಿಯೇ ಸೊಪ್ಪನ್ನು ಹಾಕಿ ಬಾಡಿಸಿ. ಬಾಡಿದರೆ ಸಾಕು, ಕಪ್ಪಾಗಬಾರದು. ಅರ್ಧ ಬಟ್ಟಲು ಕಾಯಿತುರಿಯೊಡನೆ ನುಣ್ಣಗೆ ರುಬ್ಬಿ, ತಣ್ಣಗಾದ ಮೇಲೆ ಕಡೆದ ಮಜ್ಜಿಗೆಯನ್ನು ಬೆರೆಸಿ ಉಪ್ಪು ಹಾಕಿ. ಸಾಸಿವೆ, ಒಣಮೆಣಸಿನಕಾಯಿಯ ಒಗ್ಗರಣೆ ಕೊಡಿ. ಒಲೆಯ ಮೇಲಿಟ್ಟು ಕುದಿಸಿದಿರೋ, ಮಜ್ಜಿಗೆ ಒಡೆದು ಕೆಟ್ಟಿತು. ತಮಿಳರ ಮನೆಗಳಲ್ಲಿ ಉದ್ದಿನಬೇಳೆ ಮೆಣಸಿನಕಾಯಿಗಳನ್ನು ಹುರಿದು, ಹುಣಿಸೆಹಣ್ಣು ಸೇರಿಸಿ, ಈ ಸೊಪ್ಪಿನಿಂದ ತುವೈಯಲ್ ಎಂಬ ಗಟ್ಟಿ ಚಟ್ನಿಯನ್ನು ಮಾಡುತ್ತಾರೆ. ಬಿಸಿ ಅನ್ನಕ್ಕೆ ಅದೂ ಸೊಗಸೇ. ಎಲೆಯ ಒಗರು ಹುಳಿಯಲ್ಲಿ ಅಡಗಿಹೋಗುತ್ತದೆ.

ನೀವು ಗಮನಿಸಿರಬಹುದು: ಈ ಅಡಿಗೆಗಳಲ್ಲಿ ಸೊಪ್ಪು ಚೆನ್ನಾಗಿ ಬೇಯುವುದೇ ಇಲ್ಲ. ಆದಕಾರಣ ಅದು ಬೆಳೆದ ನೀರು ಎಂತಹುದೆಂದು ವಿಚಾರಿಸಬೇಕಾಗುತ್ತದೆ. ಒಂದೆಲಗವು ಕೆರೆಯಂಚು, ಕಾಲುವೆಯ ಬದಿ, ತೇವವಿರುವ ಕಡೆಯಲ್ಲೆಲ್ಲ ತಾನಾಗಿ ಹಬ್ಬುವ ಬಳ್ಳಿ. ಹಲಸೂರಿನಲ್ಲಿ ಕೆರೆಗೇನೂ ಕೊರತೆಯಿಲ್ಲ; ಆದರೆ ಆ ಕೆರೆಗೆ ಚರಂಡಿಯ ನೀರು ಸೇರುತ್ತ ಬಂದಿದೆ. 2016ರ ಮಾರ್ಚಿಯಲ್ಲಿ ಅಲ್ಲಿ ಸಾವಿರಾರು ಮೀನುಗಳು ಸತ್ತು ತೇಲಿದುದನ್ನು ದಡದಲ್ಲಿ ನಡೆದಾಡುವವರು ಮರೆತಿರಲಾರರು. ಕೊಳಚೆಯ ಕ್ರಿಮಿಗಳು ಎಲೆಗೆ ಅಂಟಿ ಬರುತ್ತವೆ. ಅಷ್ಟೇ ಅಲ್ಲ, ಈ ಬಳ್ಳಿಯು ನೆಲದಲ್ಲಿರುವ ಸೀಸ, ಸತುವು ಮೊದಲಾದ ಲೋಹಗಳನ್ನು ಬೇರಿನಿಂದ ಹೀರಿ ಎಲೆಗೂ ಸಾಗಿಸಬಲ್ಲುದು. ಎಲೆಯ ಮೇಲಿನ ಮಣ್ಣನ್ನು ತೊಳೆಯಬಹುದು. ಎಲೆಯ ಒಳಗೆ ಸೇರಿದ ಸೀಸವನ್ನು ಎಷ್ಟು ತೊಳೆದರೂ ತೆಗೆಯಲಾಗದು. ಸೀಸದಿಂದ ಮೊದಲು ಕೆಡುವುದು ಎಳೆಯ ಮಕ್ಕಳ ಮಿದುಳು. ಬುದ್ಧಿಗೆಂದು ಕೊಟ್ಟ ಸೊಪ್ಪು ಬುದ್ಧಿಗೇ ಹಗೆಯಾಗುವ ಸಂಭವ ಇಲ್ಲಿದೆ.

ಆದುದರಿಂದ ಮಾರುವವರನ್ನು ‘ಎಲ್ಲಿಯ ಸೊಪ್ಪು?’ ಎಂದು ಕೇಳಿರಿ. ನೇರವಾದ ಉತ್ತರ ಬಾರದಿದ್ದರೆ ಬೇರು ಸಹಿತವಾದ ನಾಲ್ಕು ಕುಡಿಗಳನ್ನು ಮಾತ್ರ ಆರಿಸಿಕೊಂಡು, ಬಂದ ಎಲೆಗಳನ್ನು ಕಿತ್ತುಹಾಕಿ, ಒಳ್ಳೆಯ ಮಣ್ಣೂ ಗೊಬ್ಬರವೂ ತುಂಬಿದ ಅಗಲ ಬಾಯಿಯ ಕುಂಡದಲ್ಲಿ ನೆಡಿರಿ. ಅರೆನೆರಳು ಇರಲಿ. ದಿನವೂ ಕುಡಿಯುವ ನೀರನ್ನೇ ಹಾಕಿ. ಪಾತ್ರೆ ತೊಳೆದ ನೀರು ಬೇಡ. ಗೆಣ್ಣುಗೆಣ್ಣಿಗೂ ಬೇರಿಳಿದು ಕುಂಡ ತುಂಬಿದ ಬಳಿಕ ಹೊಸ ಎಲೆಗಳನ್ನು ತೊಟ್ಟಿನ ಬುಡದಲ್ಲಿ ಚಿವುಟಿರಿ, ಬಳ್ಳಿಯನ್ನು ಎಳೆಯಬೇಡಿ. ಮನೆಯ ಅಂಗಳವಿಲ್ಲದವರಿಗೆ ಕಿಟಕಿಯ ಹೊರಗಿನ ಒಂದು ಮೊಳ ಜಾಗವೂ ಸಾಲುತ್ತದೆ.