ಸಿಪಾಯಿಯೂ ಗುತ್ತಿಗೆಯ ಆಳೇ?

(ಕೊಪ್ಪಳದಲ್ಲಿ ಗಿರಣಿ ಕಾರ್ಮಿಕರ ಮತ್ತು ಸಣ್ಣ ವ್ಯಾಪಾರಿಗಳ ಸಭೆಯಲ್ಲಿ ಮಾಡಿದ ಭಾಷಣ)



ರಾಷ್ಟ್ರರಕ್ಷಣೆಯ ವಿಷಯವಾಗಿ ಸಭೆ ಕರೆದಿದ್ದೇವೆಂದು ಕರಪತ್ರ ಹಂಚುತ್ತ ಹೋದಾಗ ಪೇಟೆಯಲ್ಲಿ ಕೆಲವರು ನಕ್ಕರು. "ಗಿರಣಿಯ ಹಮಾಲರಿಗೂ ಕಿರಾಣಿ ಅಂಗಡಿಯವರಿಗೂ ದಂಡಿನ ಮಾತು ಏತಕ್ಕೆ? ಅದನ್ನು ನೋಡಿಕೊಳ್ಳಲು ಜನರಲ್‌ಗಳಿದ್ದಾರೆ, ಮಂತ್ರಿಗಳಿದ್ದಾರೆ" ಎಂದರು. ಯುದ್ಧದ ಕೆಲಸವನ್ನು ಜನರಲ್‌ಗಳೇ ನೋಡಿಕೊಳ್ಳಲಿ. ಅದರಲ್ಲಿ ನಮ್ಮ ತಕರಾರಿಲ್ಲ. ಆದರೆ ದಂಡಿಗೆ ಹುಡುಗರು ಹೋಗುವುದು ಯಾರ ಮನೆಯಿಂದ? ದಂಡಿನ ಖರ್ಚು ಏಳುವುದು ಯಾರ ಗಲ್ಲೆಯಿಂದ? ಈ ಎರಡೂ ಪ್ರಶ್ನೆಗಳ ಉತ್ತರ ಇದೇ ಸಭೆಯಲ್ಲಿ ಜಮಖಾನೆಯ ಮೇಲೆ ಕುಳಿತಿದೆ. ಆದ್ದರಿಂದ ಕೇಳುವ ಹಕ್ಕೂ ಇಲ್ಲಿಯೇ ಇದೆ.

ಅದರಲ್ಲಿಯೂ ಕೊಪ್ಪಳ, ಗಂಗಾವತಿ, ಕುಷ್ಟಗಿ, ಯಲಬುರ್ಗಾದ ಜನ ರಕ್ಷಣೆಯ ಮಾತನ್ನು ಪತ್ರಿಕೆ ಓದಿ ಕಲಿತವರಲ್ಲ. 1947ರ ಆಗಸ್ಟ್ 15ರಂದು ಗಡಿಯಾಚೆ ಗದಗ ಮುಂಡರಗಿಗಳಲ್ಲಿ ಬಾವುಟ ಏರಿದಾಗ ನಮ್ಮ ನಾಲ್ಕೂ ತಾಲೂಕುಗಳು ನಿಜಾಮನ ಕೈಯಲ್ಲಿಯೇ ಉಳಿದವು. ನಿಜಾಮನಿಗೆ ಪಗಾರದ ಸೈನ್ಯವಿತ್ತು. ಅದು ಸಾಲದೆಂದು ಕಾಸಿಂ ರಜ್ವಿಯ ರಜಾಕಾರರಿದ್ದರು. ಇತ್ತ ಅಳವಂಡಿಯ ಶಿವಮೂರ್ತಿಸ್ವಾಮಿಗಳ ಮುಂದಾಳತ್ವದಲ್ಲಿ ಮುಂಡರಗಿಯ ಶಿಬಿರ ನಿಂತಿತು. ಅಲ್ಲಿ ಸೇರಿದವರಿಗೆ ಪಗಾರವಿಲ್ಲ, ಪೋಷಾಕಿಲ್ಲ, ನಾಳೆ ಮನೆಗೆ ಮರಳುತ್ತೇವೆಂಬ ಖಾತ್ರಿಯೂ ಇಲ್ಲ. 1948ರ ಸೆಪ್ಟೆಂಬರ್ 13ರಂದು ಭಾರತದ ಸೈನ್ಯ ಹೈದರಾಬಾದ್ ಸಂಸ್ಥಾನವನ್ನು ಹೊಕ್ಕಿತು. 17ರಂದು ನಿಜಾಮ ಕದನ ನಿಲ್ಲಿಸಿದ. 18ರಂದು ಅವನ ಸೇನಾಪತಿ ಎಲ್ ಎದ್ರೂಸ್ ಶರಣಾದ. ಐದೇ ದಿನದ ಆಟ! ಪ್ರಜೆಗಳನ್ನು ಹೆದರಿಸಿ ಆಳಿದ ದೊರೆಯ ಬೆನ್ನಿಗೆ ಆಪತ್ಕಾಲದಲ್ಲಿ ಪ್ರಜೆ ನಿಲ್ಲಲಿಲ್ಲ.

ಮುಂದೆ ಆ ಗಡಿಶಿಬಿರಗಳಲ್ಲಿ ದುಡಿದ ಎಷ್ಟೋ ಜನರಿಗೆ ಭಾರತ ಸರಕಾರ ಸ್ವಾತಂತ್ರ್ಯಯೋಧರ ಪಿಂಚಣಿ ಕೊಟ್ಟಿತು. ಬೇಡಿಕೆಯಿಟ್ಟು ಹೋರಾಟಕ್ಕೆ ಇಳಿದವರಲ್ಲ ಅವರು. ಆದರೂ ರಾಷ್ಟ್ರ ತನ್ನ ಋಣವನ್ನು ಒಪ್ಪಿಕೊಂಡಿತು. ಈ ಪಿಂಚಣಿಯ ಮಾತನ್ನು ತಾವು ಮನಸ್ಸಿನಲ್ಲಿ ಇಟ್ಟುಕೊಳ್ಳಬೇಕು.

ಈಗ ಲೆಕ್ಕದ ಪುಸ್ತಕ ತೆರೆಯೋಣ. ವ್ಯಾಪಾರಿ ಬಂಧುಗಳಿಗೆ ಅದು ಬೇಗ ತಿಳಿಯುತ್ತದೆ. 2025-26ರ ಕೇಂದ್ರ ಆಯವ್ಯಯದಲ್ಲಿ ರಕ್ಷಣೆಗೆ ಇಟ್ಟ ಹಣ 6 ಲಕ್ಷ 81 ಸಾವಿರದ 210 ಕೋಟಿ ರೂಪಾಯಿ. ಕೇಂದ್ರ ಸರಕಾರ ಖರ್ಚು ಮಾಡುವ ಪ್ರತಿ ರೂಪಾಯಿಯಲ್ಲಿ 13 ಪೈಸೆಗೂ ತುಸು ಹೆಚ್ಚು. ಅದರಲ್ಲಿ ಹೊಸ ಆಯುಧ, ವಿಮಾನ, ಹಡಗು ಮೊದಲಾದ ಬಂಡವಾಳ ಖರ್ಚಿಗೆ 1 ಲಕ್ಷ 80 ಸಾವಿರ ಕೋಟಿ. ಪಿಂಚಣಿಗೆ 1 ಲಕ್ಷ 60 ಸಾವಿರದ 795 ಕೋಟಿ. ಈ ಹಣ ಆಕಾಶದಿಂದ ಉದುರುವುದಿಲ್ಲ. ಸಾಬೂನಿನಿಂದ ಸೈಕಲ್ ಟೈರಿನವರೆಗೆ ನಮ್ಮ ಅಂಗಡಿಗಳಲ್ಲಿ ಬಿಲ್ಲು ಹರಿದಾಗಲೆಲ್ಲ ಜಿ.ಎಸ್.ಟಿ. ಎಂದು ಹೋಗುವುದು ಅದೇ ಬೊಕ್ಕಸಕ್ಕೆ. ಚೀನ, ಪಾಕಿಸ್ತಾನ ಎರಡೂ ಪಕ್ಕದಲ್ಲಿರುವಾಗ ರಕ್ಷಣೆಗೆ ಖರ್ಚು ಬೇಡವೆನ್ನುವಷ್ಟು ಮುಗ್ಧರು ನಾವಲ್ಲ. 2020ರ ಜೂನ್‌ನಲ್ಲಿ ಗಲ್ವಾನ್ ಕಣಿವೆಯಲ್ಲಿ 20 ಮಂದಿ ಭಾರತೀಯ ಯೋಧರು ಮಡಿದರು. 2025ರ ಏಪ್ರಿಲ್ 22ರಂದು ಪಹಲ್ಗಾಮಿನಲ್ಲಿ 26 ಜನರನ್ನು ಕೊಂದರು. ಆ ಮೇ ತಿಂಗಳಿನಲ್ಲಿ ನಾಲ್ಕು ದಿನ ಎರಡೂ ದೇಶಗಳ ನಡುವೆ ಕ್ಷಿಪಣಿ, ಡ್ರೋನ್‌ಗಳು ಹಾರಾಡಿದವು. ಖರ್ಚು ಬೇಕು. ಆದರೆ ಉಳಿತಾಯ ಮಾಡಬೇಕೆಂದಾಗ ಸರಕಾರದ ಕತ್ತರಿ ಯಾರ ಅಂಗಿಯ ಮೇಲೆ ಆಡಿತು ಎಂಬುದನ್ನು ನೋಡಬೇಕಾಗಿದೆ.

ಅದು ಸಿಪಾಯಿಯ ಅಂಗಿಯ ಮೇಲೆ ಆಡಿತು.

2022ರ ಜೂನ್ 14ರಂದು ಅಗ್ನಿಪಥವೆಂಬ ಯೋಜನೆ ಸಾರಲಾಯಿತು. ಹದಿನೇಳೂವರೆಯಿಂದ ಇಪ್ಪತ್ತೊಂದು ವರ್ಷದ ಹುಡುಗರನ್ನು ನಾಲ್ಕು ವರ್ಷಕ್ಕೆ ಸೇರಿಸಿಕೊಳ್ಳುವುದು. ನಾಲ್ಕು ವರ್ಷ ತುಂಬಿದ ಮೇಲೆ ನೂರಕ್ಕೆ ಹೆಚ್ಚೆಂದರೆ 25 ಜನರನ್ನು ಖಾಯಂ ಮಾಡುವುದು. ಉಳಿದ 75 ಜನರನ್ನು ಮನೆಗೆ ಕಳಿಸುವುದು. ಮೊದಲಿನ ಪದ್ಧತಿಯಲ್ಲಿ ಸಿಪಾಯಿ 15 ವರ್ಷ ಸೇವೆ ಮಾಡಿದರೆ ಸಾಯುವತನಕ ಪಿಂಚಣಿಯಿತ್ತು. ಅಗ್ನಿವೀರನಿಗೆ ಪಿಂಚಣಿ ಇಲ್ಲ, ಗ್ರಾಚ್ಯುಟಿ ಇಲ್ಲ, ಮಾಜಿ ಸೈನಿಕನೆಂಬ ಹೆಸರೂ ಇಲ್ಲ.

"ಲಕ್ಷಗಟ್ಟಲೆ ಹಣ ಕೊಡುತ್ತೇವಲ್ಲ" ಎಂದು ಸರಕಾರ ಹೇಳುತ್ತದೆ. ಆ ಹಣದ ಲೆಕ್ಕವನ್ನೂ ಬಿಡಿಸಿ ನೋಡೋಣ. ಮೊದಲ ವರ್ಷ ಪಗಾರ ತಿಂಗಳಿಗೆ 30,000. ಅದರಲ್ಲಿ 9,000 ಮುರಿದುಕೊಂಡು ಹುಡುಗನ ಕೈಗೆ 21,000. ನಾಲ್ಕನೆಯ ವರ್ಷ ಪಗಾರ 40,000, ಕೈಗೆ 28,000. ಹೀಗೆ ನಾಲ್ಕು ವರ್ಷ ಮುರಿದದ್ದು ಸುಮಾರು 5 ಲಕ್ಷ 2 ಸಾವಿರ. ಸರಕಾರ ಅಷ್ಟನ್ನೇ ಕೂಡಿಸುತ್ತದೆ. ಬಡ್ಡಿ ಸೇರಿ 11 ಲಕ್ಷ 71 ಸಾವಿರ. ಇದಕ್ಕೆ ಸೇವಾನಿಧಿ ಎಂದು ಹೆಸರು. ಅರ್ಧ ಹಣ ಹುಡುಗನದೇ ಬೆವರಿನದು. ಗಿರಣಿಯಲ್ಲಿ ಪಿ.ಎಫ್. ಮುರಿಸಿಕೊಳ್ಳುವ ನಮ್ಮವರಿಗೆ ಈ ದಾನದ ಬೆಲೆ ಎಷ್ಟೆಂದು ಬಿಡಿಸಿ ಹೇಳಬೇಕಾಗಿಲ್ಲ.

ಗಿರಣಿ ಕಾರ್ಖಾನೆಗಳಲ್ಲಿ ಒಂದು ಹಳೆಯ ಹೂಟವಿತ್ತು. 1972ರ ಕಾಯ್ದೆ ಐದು ವರ್ಷ ದುಡಿದವನಿಗೆ ಗ್ರಾಚ್ಯುಟಿ ಕೊಡಬೇಕೆಂದಿತು. ಹಾಗೆಂದ ಕೂಡಲೆ ಕೆಲವು ಮಾಲಕರು ನಾಲ್ಕು ವರ್ಷ ದಾಟುತ್ತಲೇ ಹಾಜರಿ ಪುಸ್ತಕದಿಂದ ಹೆಸರು ಹೊಡೆದು, ಎರಡು ತಿಂಗಳು ಬಿಟ್ಟು, ಅದೇ ಮನುಷ್ಯನನ್ನು ಹೊಸಬನೆಂದು ಬರೆದುಕೊಳ್ಳತೊಡಗಿದರು. ಈ ಸಭೆಯಲ್ಲಿ ಹಾಗೆ ಮೂರು ಸಲ ಹೊಸಬರಾದವರು ಇದ್ದಾರೆ. ಅವರು ಈಗ ನಗುತ್ತಿದ್ದಾರೆ. 2025ರ ನವೆಂಬರ್ 21ರಿಂದ ಜಾರಿಗೆ ಬಂದ ಕಾರ್ಮಿಕ ಸಂಹಿತೆಗಳಲ್ಲಿ ನಾವು ಒಪ್ಪದ ಸಂಗತಿಗಳು ಬಹಳ ಇವೆ, ಆ ಮಾತು ಬೇರೆ ಸಭೆಗೆ. ಆದರೆ ಅವಧಿಯ ಕರಾರಿನ ಮೇಲೆ ದುಡಿಯುವವನಿಗೆ ಒಂದು ವರ್ಷಕ್ಕೇ ಗ್ರಾಚ್ಯುಟಿ ಸಲ್ಲಬೇಕೆಂದು ಅದರಲ್ಲಿಯೂ ಬರೆದಿದೆ. ಅಂದರೆ ಗಿಣಿಗೇರಿಯ ಕಬ್ಬಿಣದ ಕಾರ್ಖಾನೆಯಲ್ಲಿ ಕರಾರಿನ ಮೇಲೆ ಕೆಲಸ ಮಾಡುವವನಿಗೆ ಸಲ್ಲುವುದು ಸಿಯಾಚಿನ್ ಹಿಮದಲ್ಲಿ ನಿಂತವನಿಗೆ ಸಲ್ಲುವುದಿಲ್ಲ. ಕಾಯ್ದೆಯನ್ನು ಬರೆದವರೂ ಯೋಜನೆಯನ್ನು ಬರೆದವರೂ ಒಂದೇ ಸರಕಾರದವರು.

ಹುಡುಗ ಗಾಯಗೊಂಡರೆ? ನೂರಕ್ಕೆ ನೂರು ಅಂಗವಿಕಲನಾದರೆ 44 ಲಕ್ಷ, 75 ಆದರೆ 25 ಲಕ್ಷ, 50 ಆದರೆ 15 ಲಕ್ಷ, ಒಂದೇ ಗಂಟು. ಯಂತ್ರಕ್ಕೆ ಬೆರಳು ಕೊಟ್ಟವನಿಗೆ ಮಾಲಕರು ಮಾಡುವ ಚುಕ್ತಾ ಲೆಕ್ಕದ ಹಾಗೆಯೇ ಇದೆ. ಮಡಿದರೆ 48 ಲಕ್ಷದ ವಿಮೆ, 44 ಲಕ್ಷದ ಪರಿಹಾರ, ಉಳಿದ ಅವಧಿಯ ಪಗಾರ ಇವೆ. ಅದು ದೊಡ್ಡ ಮೊತ್ತ. ಸಣ್ಣದೆಂದು ನಾವು ಹೇಳುವುದಿಲ್ಲ. ಆದರೆ ಅದೇ ಕಂದಕದಲ್ಲಿ ಅದೇ ಗುಂಡಿಗೆ ಖಾಯಂ ಸಿಪಾಯಿ ಬಿದ್ದರೆ ಅವನ ಹೆಂಡತಿಗೆ ಜೀವಮಾನದ ಪಿಂಚಣಿ. ಅಗ್ನಿವೀರನ ತಾಯಿಗೆ ಅದಿಲ್ಲ. 2025ರ ಮೇ ತಿಂಗಳಲ್ಲಿ ನಿಯಂತ್ರಣ ರೇಖೆಯ ಬಳಿ ಆಂಧ್ರದ ಒಂದು ತಾಂಡಾದ ಅಗ್ನಿವೀರ ಮಡಿದ. ನಮ್ಮ ಕುಷ್ಟಗಿ ಯಲಬುರ್ಗಾದ ತಾಂಡಾಗಳಿಂದ ಗುಳೆ ಹೋಗುವ ಜನರಂಥದೇ ಮನೆ ಅದು. ಮಡಿದ ಅಗ್ನಿವೀರನ ಕುಟುಂಬಕ್ಕೂ ಖಾಯಂ ಯೋಧನ ಕುಟುಂಬಕ್ಕೆ ಸಲ್ಲುವುದೆಲ್ಲ ಸಲ್ಲಬೇಕೆಂದು ಸಂಸತ್ತಿನ ರಕ್ಷಣಾ ಸ್ಥಾಯಿ ಸಮಿತಿಯೇ 2024ರಲ್ಲಿ ಹೇಳಿತ್ತು. ಹೇಳಿದವರು ವಿರೋಧಿಗಳಷ್ಟೇ ಅಲ್ಲ, ಎಲ್ಲ ಪಕ್ಷದವರೂ ಕುಳಿತ ಸಮಿತಿ.

ಸರಕಾರದ ವಾದವನ್ನೂ ಹೇಳಿಬಿಡುವುದು ನ್ಯಾಯ. ಪಿಂಚಣಿಯ ಭಾರದಿಂದ ಆಯುಧಕ್ಕೆ ಹಣ ಸಾಲದು. ಸೈನ್ಯದ ಸರಾಸರಿ ವಯಸ್ಸನ್ನು 32ರಿಂದ 26ಕ್ಕೆ ಇಳಿಸಬೇಕು. ಹೊರಬಂದವರಿಗೆ ಅರೆಸೇನಾ ಪಡೆಗಳಲ್ಲಿ ಮೀಸಲು ಕೊಡುತ್ತೇವೆ ಎಂಬುದು ಅದರ ಸಾರ. ನ್ಯಾಯಾಲಯಗಳೂ 2023ರಲ್ಲಿ ಯೋಜನೆಯನ್ನು ಎತ್ತಿಹಿಡಿದವು. ಕಾನೂನಿನಲ್ಲಿ ಸರಿಯಾದದ್ದು ನೀತಿಯಲ್ಲಿಯೂ ಸರಿಯಾಗಬೇಕೆಂದಿಲ್ಲ. ಅದನ್ನು ತೀರ್ಮಾನಿಸುವವರು ಮತದಾರರು. ಹರೆಯದ ಕಾಲು ಬೆಟ್ಟ ಹತ್ತುತ್ತದೆ ನಿಜ. ಎಲ್ಲಿ ಕಾಲಿಡಬಾರದೆಂದು ಬಲ್ಲ ಹವಾಲ್ದಾರ ನಾಲ್ಕು ವರ್ಷದಲ್ಲಿ ತಯಾರಾಗುತ್ತಾನೆಯೇ?

ಅನುಭವದ ಬೆಲೆ ತಿಳಿಯಲು ನಾವು ಕಾಶ್ಮೀರಕ್ಕೆ ಹೋಗಬೇಕಾಗಿಲ್ಲ, ಮುನಿರಾಬಾದಿಗೆ ಹೋದರೆ ಸಾಕು. 2024ರ ಆಗಸ್ಟ್ 10ರ ರಾತ್ರಿ ತುಂಗಭದ್ರೆಯ 19ನೆಯ ಗೇಟು ಚೈನು ಹರಿದು ಕೊಚ್ಚಿಹೋಯಿತು. ಗಂಗಾವತಿಯ ಗದ್ದೆಯ ನೀರು, ಅಕ್ಕಿ ಗಿರಣಿಗಳ ಒಂದು ವರ್ಷದ ಕೆಲಸ ಕಣ್ಣೆದುರು ಹರಿದುಹೋಗುತ್ತಿತ್ತು. ಆಗ ಯಾರನ್ನು ಕರೆತಂದರು? ಅಣೆಕಟ್ಟಿನ ಗೇಟುಗಳ ಕೆಲಸದಲ್ಲಿಯೇ ತಲೆ ನರೆಸಿದ ಎಂಜಿನಿಯರ್ ಕನ್ನಯ್ಯ ನಾಯ್ಡು ಅವರನ್ನು. ಅವರ ಮಾರ್ಗದರ್ಶನದಲ್ಲಿ ಕಾರ್ಮಿಕರು ಹರಿಯುವ ನೀರಿಗೆ ಎದುರಾಗಿ ತಾತ್ಕಾಲಿಕ ಬಾಗಿಲು ಇಳಿಸಿ ಒಂದು ವಾರದಲ್ಲಿ ಪ್ರವಾಹ ನಿಲ್ಲಿಸಿದರು. ಅಂಥ ಕೈಗಳನ್ನು ನಾಲ್ಕು ವರ್ಷಕ್ಕೊಮ್ಮೆ ಮನೆಗೆ ಕಳಿಸುತ್ತ ಬಂದಿದ್ದರೆ ಅಂದು ಯಾರ ಬಾಗಿಲು ತಟ್ಟಬೇಕಾಗಿತ್ತು?

ಬಂದೂಕು ಹಿಡಿಯುವವನ ಕಥೆ ಇದು. ಬಂದೂಕು ಮಾಡುವವನ ಕಥೆಯೂ ಇದಕ್ಕಿಂತ ದೂರವಿಲ್ಲ. 2021ರ ಅಕ್ಟೋಬರ್ 1ರಂದು ಸರಕಾರದ 41 ಶಸ್ತ್ರಾಸ್ತ್ರ ಕಾರ್ಖಾನೆಗಳನ್ನು ಏಳು ಕಂಪನಿಗಳಾಗಿ ಒಡೆದರು. ಕಾರ್ಮಿಕರು ಮುಷ್ಕರ ಹೂಡುವೆವೆಂದಾಗ ಅದೇ ವರ್ಷ ಅತ್ಯಾವಶ್ಯಕ ರಕ್ಷಣಾ ಸೇವೆಗಳ ಕಾಯ್ದೆ ತಂದು, ಮುಷ್ಕರದಲ್ಲಿ ನಿಂತವನಿಗೆ ಒಂದು ವರ್ಷ, ಪ್ರೇರೇಪಿಸಿದವನಿಗೆ ಎರಡು ವರ್ಷದವರೆಗೆ ಸೆರೆವಾಸವೆಂದರು. ನಮ್ಮ ಬೆಂಗಳೂರಿನ ಎಚ್.ಎ.ಎಲ್. 1940ರಲ್ಲಿ ವಾಲಚಂದ ಹೀರಾಚಂದರು ಮೈಸೂರು ಸರಕಾರದ ಜೊತೆ ಸೇರಿ ಕಟ್ಟಿದ್ದು. 2021ರಲ್ಲಿ 83 ತೇಜಸ್ ವಿಮಾನಗಳ ಕರಾರಾಯಿತು. 2024ರಿಂದ ಬರಬೇಕಾದವು ಹೇಳಿದ ಕಾಲಕ್ಕೆ ಬರಲಿಲ್ಲ, ಏಕೆಂದರೆ ಎಂಜಿನ್ ಅಮೇರಿಕದ ಕಂಪನಿಯಿಂದ ಬರಬೇಕು, ಅದು ತಡವಾಯಿತು. 2025ರ ಸೆಪ್ಟೆಂಬರ್ 26ರಂದು ಹಳೆಯ ಮಿಗ್-21ಗಳು ನಿವೃತ್ತವಾದಾಗ ವಾಯುಪಡೆಯಲ್ಲಿ 42 ಸ್ಕ್ವಾಡ್ರನ್ ಇರಬೇಕಾದಲ್ಲಿ 29 ಉಳಿದವು. ಇದು ನಿಜವಾದ ಅಭದ್ರತೆ. ಈ ಕೊರತೆ ತುಂಬಲು ಸಿಪಾಯಿಯ ಪಿಂಚಣಿ ಕಿತ್ತರೆ ಎಂಜಿನ್ ಬರುತ್ತದೆಯೇ? ಎಂಜಿನ್ ಮಾಡುವ ವಿದ್ಯೆ ದಶಕಗಳ ಕಾಲ ಒಂದೇ ಕಾರ್ಖಾನೆಯಲ್ಲಿ ಮಣ್ಣುಹೊತ್ತು ಕಲಿಯುವ ಖಾಯಂ ಕಾರ್ಮಿಕನಿಂದ, ವಿಜ್ಞಾನಿಯಿಂದ ಬರುವಂಥದು.

"ರಕ್ಷಣೆಯ ವಿಷಯದಲ್ಲಿ ಪ್ರಶ್ನೆ ಕೇಳುವುದು ದ್ರೋಹ" ಎನ್ನುವವರು ಇತ್ತೀಚೆಗೆ ಹೆಚ್ಚಾಗಿದ್ದಾರೆ. ಅವರಿಗೆ 1962ನ್ನು ನೆನಪಿಸಬೇಕು. ಚೀನದ ಸೈನ್ಯ ಒಳನುಗ್ಗಿದ್ದಾಗಲೇ ನವೆಂಬರ್‌ನಲ್ಲಿ ಲೋಕಸಭೆ ಸೇರಿತು. ನೂರಕ್ಕೂ ಹೆಚ್ಚು ಸದಸ್ಯರು ಮಾತನಾಡಿದರು. ಜನಾಭಿಪ್ರಾಯಕ್ಕೆ ಬಾಗಿ ರಕ್ಷಣಾ ಮಂತ್ರಿ ಕೃಷ್ಣ ಮೆನನ್ ಅಧಿಕಾರ ಬಿಡಬೇಕಾಯಿತು. ಇದೇ ಜನ ರಕ್ಷಣಾ ನಿಧಿಗೆ ಕಿವಿಯೋಲೆ ಬಿಚ್ಚಿಕೊಟ್ಟರು. ಪ್ರಶ್ನೆಯೂ ಬಂಗಾರವೂ ಒಂದೇ ಕೈಯಿಂದ ಬಂದವು. ಮುಚ್ಚಿಟ್ಟಲ್ಲಿ ಏನಾಯಿತು? ಆ ಸೋಲಿನ ತನಿಖೆ ಮಾಡಿದ ಹೆಂಡರ್ಸನ್ ಬ್ರೂಕ್ಸ್ ವರದಿಯನ್ನು ಸರಕಾರ ಪ್ರಕಟಿಸಲೇ ಇಲ್ಲ. 1948ರ ಕಾರ್ಯಾಚರಣೆಯ ನಂತರ ನಮ್ಮ ಹೈದರಾಬಾದ್ ರಾಜ್ಯದಲ್ಲಿ ನಿರಪರಾಧಿ ಮುಸಲ್ಮಾನರ ಮೇಲೆ ನಡೆದ ಕೊಲೆ ಸುಲಿಗೆಗಳನ್ನು ಬರೆದ ಸುಂದರಲಾಲ್ ಸಮಿತಿಯ ವರದಿಯೂ ದಶಕಗಳ ಕಾಲ ಕಪಾಟಿನಲ್ಲಿಯೇ ಕುಳಿತಿತು. ಅಗ್ನಿಪಥದಂಥ ದೊಡ್ಡ ಬದಲಾವಣೆಗೆ ಸಂಸತ್ತಿನಲ್ಲಿ ಮಸೂದೆ ಕೂಡ ಬರಲಿಲ್ಲ, ಪತ್ರಿಕಾಗೋಷ್ಠಿಯಲ್ಲಿ ಸಾರಿದರು. ಮೂರು ದಿನಕ್ಕೆ ಸಿಕಂದರಾಬಾದ್ ನಿಲ್ದಾಣದಲ್ಲಿ ರೈಲು ಉರಿಯಿತು, ಪೊಲೀಸರ ಗುಂಡಿಗೆ ಒಬ್ಬ ಯುವಕ ಸತ್ತ. ರೈಲು ಸುಡುವುದನ್ನು ನಾವು ಒಪ್ಪುವವರಲ್ಲ. ಆದರೆ ಕೋವಿಡ್ ಎಂದು ಎರಡು ವರ್ಷ ಭರ್ತಿ ನಿಲ್ಲಿಸಿ, ಓಟದಲ್ಲಿಯೂ ವೈದ್ಯಪರೀಕ್ಷೆಯಲ್ಲಿಯೂ ಪಾಸಾಗಿ ಕಾಯುತ್ತಿದ್ದವರ ಭರ್ತಿಯನ್ನೇ ರದ್ದು ಮಾಡಿದ್ದೂ ಅದೇ ಜೂನ್‌ನಲ್ಲಿ. ನೇಪಾಳ ಸರಕಾರ ಕೂಡ ಈ ಕರಾರಿನ ಮೇಲೆ ತನ್ನ ಗೂರ್ಖಾ ಹುಡುಗರನ್ನು ಕಳಿಸಲು ಒಪ್ಪಲಿಲ್ಲ.

ನಾವು ಮಾಸ್ತರಿಕೆ ಮಾಡುತ್ತಿದ್ದ ದಿನಗಳಲ್ಲಿ ನಸುಕಿನಲ್ಲಿ ಡಾಂಬರು ರಸ್ತೆಯ ಮೇಲೆ ಬರಿಗಾಲಲ್ಲಿ ಓಡುವ ಹುಡುಗರನ್ನು ಕಂಡವರು. ಸಾವಿರದ ಆರುನೂರು ಮೀಟರಿನ ಓಟದ ತಯಾರಿ ಅದು. ಎರಡೆಕರೆ ಒಣಭೂಮಿಯ ಮನೆಗೆ ದಂಡಿನ ನೌಕರಿಯೆಂದರೆ ತಂಗಿಯ ಮದುವೆ, ಅಪ್ಪನ ಸಾಲ, ಮುಪ್ಪಿನ ಅನ್ನ. ಆ ಹುಡುಗರು ಇಂದಿಗೂ ಓಡುತ್ತಿದ್ದಾರೆ. ಬೇಡವೆನ್ನುವ ಧೈರ್ಯ ನಮಗಿಲ್ಲ, ಹೋಗಬೇಡಿರೆಂದು ಹೇಳಲೂ ಬಂದಿಲ್ಲ. ಹೋದವರಿಗೆ ಸಲ್ಲಬೇಕಾದದ್ದು ಸಲ್ಲಲಿ: ಇರಬಯಸುವ, ಯೋಗ್ಯತೆಯುಳ್ಳ ಎಲ್ಲರನ್ನೂ ಖಾಯಂ ಮಾಡಬೇಕು, ಮಡಿದವರ, ಅಂಗವಿಕಲರಾದವರ ಕುಟುಂಬಗಳಿಗೆ ಖಾಯಂ ಯೋಧರ ಸಮಾನ ಪಿಂಚಣಿ ಬೇಕು, ಹೊರಬಂದವನಿಗೆ ಮಾಜಿ ಸೈನಿಕನೆಂಬ ಹಕ್ಕು ಬೇಕು.

ಮೊದಲ ತಂಡ 2022ರ ಕೊನೆ, 2023ರ ಆರಂಭದಲ್ಲಿ ಸೇರಿತು. ಅವರ ನಾಲ್ಕು ವರ್ಷ 2026ರ ಕೊನೆಗೆ, 2027ರ ಆರಂಭಕ್ಕೆ ತುಂಬುತ್ತದೆ. ನಮ್ಮ ನಾಲ್ಕು ತಾಲೂಕುಗಳಿಂದ ಹೋದವರು ಎಷ್ಟು, ಮರಳುವವರು ಎಷ್ಟು ಎಂಬ ಪಟ್ಟಿ ನಮ್ಮ ಕೈಯಲ್ಲಿಯೇ ಇರಬೇಕು. ಆ ಕೆಲಸಕ್ಕೆ ಕಾರ್ಯಕರ್ತರು ಊರೂರಿಗೆ ಬರುತ್ತಾರೆ. ಹುಡುಗನ ಹೆಸರು, ಸೇರಿದ ದಿನ, ಬಿಡುವ ದಿನ, ದಂಡಿನಲ್ಲಿ ಕಲಿತ ಕಸಬು, ಮನೆಯ ಸಾಲ, ಇಷ್ಟನ್ನು ಬರೆಸಿರಿ. ಗಂಗಾವತಿಯ ಹಮಾಲ ಬಂಧುಗಳು ಗಿರಣಿ ಬಿಡುವ ಹೊತ್ತಿಗೆ ಬರೆಸಬಹುದು. ಕುಷ್ಟಗಿ, ಯಲಬುರ್ಗಾದವರು ಸಂತೆಯ ದಿನ. ಓದು ಬರಹ ಬಾರದ ತಾಯಂದಿರ ಬಳಿಗೆ ನಾವೇ ಮನೆಗೆ ಬರುತ್ತೇವೆ. ಮಗನ ಕಾಗದಪತ್ರಗಳನ್ನು ಟ್ರಂಕಿನಿಂದ ತೆಗೆದಿಟ್ಟಿರಿ.