ಫ್ಲೂ ಜ್ವರ: ಅರಿವು ಮತ್ತು ಎಚ್ಚರ



1957ರ ಮೇ ತಿಂಗಳಿನಲ್ಲಿ ಸಿಂಗಪುರದ ಕಡೆಯಿಂದ ಹೊರಟ ಹಡಗೊಂದು ಅಂದಿನ ಮದರಾಸು ಬಂದರನ್ನು ತಲಪಿತು. ಅದರಲ್ಲಿದ್ದ ಅನೇಕರು ಜ್ವರಪೀಡಿತರಾಗಿದ್ದರು. ‘ಏಷ್ಯನ್ ಫ್ಲೂ’ ಭಾರತವನ್ನು ಪ್ರವೇಶಿಸಿದ್ದು ಹೀಗೆ. 1958ರ ಫೆಬ್ರವರಿಯ ವೇಳೆಗೆ ದೇಶದಲ್ಲಿ ವರದಿಯಾದ ರೋಗಿಗಳ ಸಂಖ್ಯೆ 44 ಲಕ್ಷವನ್ನು ದಾಟಿತ್ತು. ಸಾವಿರಕ್ಕೂ ಹೆಚ್ಚು ಮಂದಿ ಅಸುನೀಗಿದ್ದರು. ಆ ಬಗೆಯ ಫ್ಲೂ ಈಗ ಜನರಲ್ಲಿ ಹರಡುತ್ತಿಲ್ಲ. ಆದರೆ ಅದರ ಇತರ ಬಗೆಗಳು ಪ್ರತಿವರ್ಷವೂ, ಚೆನ್ನೈಯಲ್ಲಿ ವಿಶೇಷವಾಗಿ ಹಿಂಗಾರು ಮಳೆಯ ತಿಂಗಳುಗಳಲ್ಲಿ, ತಲೆದೋರುತ್ತವೆ.

ಇನ್‌ಫ್ಲುಯೆಂಜಾ ಎಂಬ ವೈರಾಣು ಮೂಗು, ಗಂಟಲು ಹಾಗೂ ಶ್ವಾಸಕೋಶಗಳಿಗೆ ಸೋಂಕನ್ನುಂಟುಮಾಡುತ್ತದೆ. ರೋಗಿಯು ಕೆಮ್ಮಿದಾಗ, ಸೀನಿದಾಗ, ಮಾತನಾಡಿದಾಗ ಹೊರಬೀಳುವ ಸೂಕ್ಷ್ಮ ಹನಿಗಳ ಮೂಲಕ ಅದು ಇತರರನ್ನು ಸೇರುತ್ತದೆ. ಸೋಂಕು ತಗಲಿದ ವಸ್ತುಗಳನ್ನು ಮುಟ್ಟಿದ ಕೈಯಿಂದ ಮೂಗು, ಬಾಯಿ, ಕಣ್ಣುಗಳನ್ನು ಸ್ಪರ್ಶಿಸಿದರೂ ರೋಗ ಹರಡಬಹುದು. ಲಕ್ಷಣಗಳು ಕಾಣಿಸಿಕೊಳ್ಳುವ ಒಂದು ದಿನ ಮೊದಲೇ ವ್ಯಕ್ತಿಯು ಸೋಂಕನ್ನು ಹರಡಬಲ್ಲನೆಂಬುದು ಗಮನಾರ್ಹ.

ಸಾಮಾನ್ಯ ನೆಗಡಿ ಮೆಲ್ಲಮೆಲ್ಲನೆ ಆರಂಭವಾದರೆ, ಫ್ಲೂ ಹಠಾತ್ತನೆ ಬರುತ್ತದೆ. ಜ್ವರ, ಚಳಿ, ಒಣಕೆಮ್ಮು, ಗಂಟಲುನೋವು, ತಲೆನೋವು, ಮೈಕೈನೋವು ಮತ್ತು ತೀವ್ರ ಆಯಾಸ ಇದರ ಲಕ್ಷಣಗಳು. ಮಕ್ಕಳಲ್ಲಿ ವಾಂತಿಭೇದಿಯೂ ಕಾಣಿಸಬಹುದು. ಬಹುತೇಕ ರೋಗಿಗಳು ಒಂದು ವಾರದಲ್ಲಿ ಗುಣಮುಖರಾಗುತ್ತಾರೆ. ಕೆಮ್ಮು ಮಾತ್ರ ಕೆಲಕಾಲ ಉಳಿಯಬಹುದು.

ಆದರೆ ಮನೆಯಲ್ಲಿರುವ ವೃದ್ಧರು, ಎಳೆಯ ಮಕ್ಕಳು, ಗರ್ಭಿಣಿಯರು ಮತ್ತು ಆಸ್ತಮಾ, ಮಧುಮೇಹ, ಹೃದ್ರೋಗ ಉಳ್ಳವರಿಗೆ ಇದೇ ಸೋಂಕು ನ್ಯುಮೋನಿಯಾಕ್ಕೆ ತಿರುಗಿ ಪ್ರಾಣಾಪಾಯ ತರಬಹುದು. ಇಂಥವರಿಗೆ ಜ್ವರ ಬಂದೊಡನೆ ವೈದ್ಯರಿಗೆ ತೋರಿಸಿರಿ. ವೈರಾಣುವಿನ ವಿರುದ್ಧದ ಔಷಧವು ಮೊದಲ ಎರಡು ದಿನಗಳಲ್ಲಿ ಆರಂಭಿಸಿದಾಗ ಹೆಚ್ಚು ಫಲಕಾರಿ. ಯಾರಿಗೇ ಆಗಲಿ ಉಸಿರಾಟದ ತೊಂದರೆ, ಎದೆನೋವು, ತುಟಿ ನೀಲಿಗಟ್ಟುವುದು, ಪ್ರಜ್ಞೆ ಮಂಕಾಗುವುದು ಕಂಡುಬಂದರೆ ಕೂಡಲೇ ಆಸ್ಪತ್ರೆಗೆ ಕರೆದೊಯ್ಯತಕ್ಕದ್ದು. ಆಂಟಿಬಯಾಟಿಕ್ ಮಾತ್ರೆಗಳು ವೈರಾಣುವನ್ನು ನಾಶಪಡಿಸಲಾರವು. ವೈದ್ಯರ ಸಲಹೆಯಿಲ್ಲದೆ ಅವನ್ನು ಸೇವಿಸಬಾರದು.

ಜ್ವರವಿದ್ದಾಗ ಕಚೇರಿಗೂ ಶಾಲೆಗೂ ಹೋಗದೆ ವಿಶ್ರಾಂತಿ ಪಡೆಯಿರಿ. ಗಂಜಿ, ನೀರು ಧಾರಾಳವಾಗಿ ಸೇವಿಸಿರಿ. ಕೆಮ್ಮುವಾಗ ಬಾಯಿಗೆ ಕರವಸ್ತ್ರ ಹಿಡಿಯಿರಿ. ಕೈಗಳನ್ನು ಸೋಪಿನಿಂದ ತೊಳೆಯಿರಿ. ವೈರಾಣು ರೂಪ ಬದಲಿಸುತ್ತಿರುವುದರಿಂದ ಲಸಿಕೆಯನ್ನು ಪ್ರತಿವರ್ಷವೂ ಪಡೆಯಬೇಕಾಗುತ್ತದೆ. ಈ ಬಗ್ಗೆ ವೈದ್ಯರನ್ನು ವಿಚಾರಿಸಿರಿ.

“ಬರೀ ನೆಗಡಿ ತಾನೇ” ಎಂದು ನಾವು ಕಡೆಗಣಿಸಿದ ಜ್ವರವು ಮನೆಯ ಅಜ್ಜಿಗೋ ಹಸುಗೂಸಿಗೋ ತಗಲಬಹುದು. ನಾವು ಮನೆಯಲ್ಲಿ ಪಡೆಯುವ ನಾಲ್ಕು ದಿನಗಳ ವಿಶ್ರಾಂತಿಯಿಂದ ಅವರ ಪ್ರಾಣ ಉಳಿಯಬಹುದೆಂಬುದನ್ನು ಮರೆಯದಿರೋಣ.