ಹೆರಿಗೆ ವಾರ್ಡಿನ ಹಳೆಯ ಪುಸ್ತಕಗಳು



ನಮ್ಮ ಕೊಳ್ಳೇಗಾಲ ಸೀಮೆಯ ರಾಮಾಪುರದ ಕಡೆ ಬಸುರಿ ಹೆಂಗಸಿಗೆ ಹಿರಿಯರು ಈಗಲೂ ಹೇಳುವುದುಂಟು: "ಜಾಸ್ತಿ ಉಣ್ಬ್ಯಾಡ ಕನವ್ವ, ಕೂಸು ದಪ್ಪ ಆದ್ರ ಹೆರಿಗ ಕಷ್ಟ ಆಯ್ತದ." ತಾಯಿಯ ಜೀವಕ್ಕೆ ಹೆದರಿ ಹುಟ್ಟಿದ ಮಾತು ಇದು. ಆದರೆ ಹಾಗೆ ಸಣ್ಣಗೆ ಹುಟ್ಟಿದ ಕೂಸಿಗೆ ನಲವತ್ತು ಐವತ್ತು ವರ್ಷ ಕಳೆದ ಮೇಲೆ ಏನಾಗುತ್ತದೆ? ಭಾರತದಲ್ಲಿ ಈ ಪ್ರಶ್ನೆಗೆ ಮೊದಮೊದಲು ಉತ್ತರ ಸಿಕ್ಕಿದ್ದು ನಮ್ಮ ಮೈಸೂರಿನಲ್ಲಿ.

ಅಲ್ಲಿನ ಮಂಡಿ ಮೊಹಲ್ಲಾದಲ್ಲಿ ಹೋಲ್ಡ್ಸ್‌ವರ್ತ್ ಸ್ಮಾರಕ ಆಸ್ಪತ್ರೆ ಇದೆ. ಜನ ಮಿಷನ್ ಆಸ್ಪತ್ರೆ ಅಂತಲೇ ಕರೆಯುತ್ತಾರೆ. 1906ರಲ್ಲಿ ಹೆಂಗಸರು ಮಕ್ಕಳಿಗಾಗಿ ಶುರುವಾದದ್ದು. 1934ರಿಂದ ಅಲ್ಲಿ ಹುಟ್ಟಿದ ಕೂಸುಗಳ ತೂಕ, ಉದ್ದ, ತಲೆಯ ಸುತ್ತಳತೆ ಬರೆದಿಟ್ಟ ಪುಸ್ತಕಗಳು ಉಳಿದಿವೆ. ತೂಕ ಪೌಂಡಿನ ಲೆಕ್ಕದಲ್ಲಿ. ತಾಯಿಯ ತೂಕ, ಅವಳ ಸೊಂಟದ ಮೂಳೆಯ ಅಳತೆಯೂ ಅದರಲ್ಲಿದೆ.  ಮುಂದೊಂದು ದಿನ ಇದು ಸಂಶೋಧನೆಗೆ ಬೇಕಾಗುತ್ತದೆ ಎಂದು ಬರೆದವರು ಎಣಿಸಿರಲಾರರು. ಆದರೂ ವರ್ಷಗಟ್ಟಲೆ ಬರೆದರು. ಆ ಶ್ರದ್ಧೆಗೆ ನಾನು ಕೈ ಮುಗಿಯುತ್ತೇನೆ.

ಅತ್ತ ಇಂಗ್ಲೆಂಡಿನ ಸೌತಾಂಪ್ಟನ್ ವಿಶ್ವವಿದ್ಯಾಲಯದಲ್ಲಿ ಡೇವಿಡ್ ಬಾರ್ಕರ್ ಎಂಬ ವೈದ್ಯ ಪ್ರಾಧ್ಯಾಪಕರಿದ್ದರು. ಹರ್ಟ್‌ಫರ್ಡ್‌ಶೈರಿನಲ್ಲಿ 1911ರಿಂದ ಸೂಲಗಿತ್ತಿಯರು ಇಟ್ಟಿದ್ದ ಲೆಕ್ಕ ಅವರ ಕೈಗೆ ಸಿಕ್ಕಿತು. ಹುಟ್ಟುವಾಗಲೂ, ವರ್ಷ ತುಂಬಿದಾಗಲೂ ತೂಕ ಕಡಿಮೆಯಿದ್ದ ಗಂಡಸರು ಮುಂದೆ ಹೃದಯದ ಕಾಯಿಲೆಯಿಂದ ಸತ್ತದ್ದು ಹೆಚ್ಚು ಎಂದು 1989ರಲ್ಲಿ ಅವರು ತೋರಿಸಿದರು. ಹಲವರು ನಂಬಲಿಲ್ಲ. ಸಣ್ಣ ಕೂಸುಗಳೇ ಹೆಚ್ಚಾಗಿರುವ ಭಾರತದಲ್ಲಿ ಇದು ನಿಜವಾದೀತೇ?

ಅದೇ ವಿಶ್ವವಿದ್ಯಾಲಯದ ಡಾ. ಕೆರೋಲಿನ್ ಫಾಲ್ ಮತ್ತು ಸಂಗಡಿಗರು ಮೈಸೂರಿನವರೊಡನೆ ಸೇರಿ ಮಿಷನ್ ಆಸ್ಪತ್ರೆಯ ಪುಸ್ತಕ ಬಿಚ್ಚಿದರು. ಆಸ್ಪತ್ರೆಯ ಸುತ್ತಮುತ್ತ ವಾಸವಿದ್ದವರಲ್ಲಿ ಅಲ್ಲೇ ಹುಟ್ಟಿದವರನ್ನು ಹುಡುಕಿ, ಹಳೆಯ ದಾಖಲೆಯೊಡನೆ ತಾಳೆ ನೋಡಿದರು. 1934ರಿಂದ 1954ರ ನಡುವೆ ಹುಟ್ಟಿದ 517 ಮಂದಿಯ ಹೃದಯ ಪರೀಕ್ಷೆಯಾಯಿತು. 1996ರಲ್ಲಿ 'ಲ್ಯಾನ್ಸೆಟ್' ಪತ್ರಿಕೆಯಲ್ಲಿ ಫಲ ಹೊರಬಂತು: ಹುಟ್ಟುವಾಗ ಎರಡೂವರೆ ಕೆಜಿ ಅಥವಾ ಅದಕ್ಕೂ ಕಡಿಮೆ ಇದ್ದವರಲ್ಲಿ ನೂರಕ್ಕೆ 11 ಜನರಿಗೆ ಹೃದಯದ ಕಾಯಿಲೆ, ಮೂರು ಕೆಜಿ ದಾಟಿ ಚೆನ್ನಾಗಿ ತೂಗಿದವರಲ್ಲಿ ಬರೀ 3 ಜನರಿಗೆ.

ಸಕ್ಕರೆ ಕಾಯಿಲೆಯ ಕತೆ ಮಾತ್ರ ಬೇರೆ ದಾರಿ ಹಿಡಿಯಿತು. ಇಂಗ್ಲೆಂಡಿನಲ್ಲಿ ಅದೂ ಸಣ್ಣ ಕೂಸುಗಳ ಬೆನ್ನು ಹತ್ತಿತ್ತು. ಮೈಸೂರಿನಲ್ಲಿ ಉದ್ದ ಕಡಿಮೆಯಿದ್ದು ಮೈ ತುಂಬಿಕೊಂಡು ಹುಟ್ಟಿದವರಿಗೆ, ತೂಕ ಹೆಚ್ಚಿದ್ದ ತಾಯಂದಿರ ಮಕ್ಕಳಿಗೆ, ಅದು ಹೆಚ್ಚು ಕಾಣಿಸಿತು. ಆ ತಾಯಂದಿರಿಗೆ ಬಸಿರಿನಲ್ಲೇ ಸಕ್ಕರೆ ಏರಿತ್ತೇ? ತೀರಿಹೋದ ಕಾಲದ ರಕ್ತವನ್ನು ಪರೀಕ್ಷಿಸುವುದೆಂತು! ಹಾಗಾಗಿ 1997-98ರಲ್ಲಿ ಅದೇ ಆಸ್ಪತ್ರೆಗೆ ಬರುತ್ತಿದ್ದ ಬಸುರಿಯರಿಂದಲೇ ಹೊಸ ಅಧ್ಯಯನ ಆರಂಭವಾಯಿತು, ಹೆಸರು ಪಾರ್ಥೆನಾನ್. ನೂರರಲ್ಲಿ ಸುಮಾರು ಆರು ಬಸುರಿಯರಿಗೆ ಸಕ್ಕರೆ ಏರಿತ್ತು. ಹತ್ತರಲ್ಲಿ ನಾಲ್ವರಿಗೂ ಹೆಚ್ಚು ತಾಯಂದಿರಲ್ಲಿ ಬಿ12 ಜೀವಸತ್ವ ಕಡಿಮೆಯಿತ್ತು. ಮೈಸೂರಿನ ಸಂಶೋಧಕಿ ಡಾ. ಕೃಷ್ಣವೇಣಿ ಮತ್ತು ಸಂಗಡಿಗರು ಆ ಮಕ್ಕಳನ್ನು ಬಿಡದೆ ಹಿಂಬಾಲಿಸಿದರು. ಸಕ್ಕರೆ ಏರಿದ್ದ ತಾಯಂದಿರ ಹೆಣ್ಣುಮಕ್ಕಳಲ್ಲಿ ಐದನೇ ವಯಸ್ಸಿಗೇ ಕೊಬ್ಬಿನಂಶ ಹೆಚ್ಚಿತ್ತು.

ತೂಕ ಕಡಿಮೆಯಿದ್ದು ಹುಟ್ಟಿದವರಿಗೆಲ್ಲ ಕಾಯಿಲೆ ಬಂದೇ ಬರುತ್ತದೆ ಎಂದು ಯಾರೂ ದಿಗಿಲುಬೀಳಬೇಡಿ. 517 ಮಂದಿಯ ಆ ಅಧ್ಯಯನದಲ್ಲೇ ಹೆಚ್ಚಿನವರಿಗೆ ಬಂದಿರಲಿಲ್ಲ. ಆದರೆ ಬಸುರಿಯ ತಟ್ಟೆಯಿಂದ ಮುದ್ದೆ ಕಿರಿದು ಮಾಡುವುದನ್ನು ನಿಲ್ಲಿಸಿ. ಹಾಲು, ಮೊಸರು, ತಿನ್ನುವವರಾದರೆ ಮೊಟ್ಟೆ, ಮಾಂಸ, ಅವಳಿಗೆ ಮೊದಲು ಬಡಿಸಿ. ಬಿ12 ಇರುವುದು ಇವುಗಳಲ್ಲೇ. ಆಶಾ ಕಾರ್ಯಕರ್ತೆ ಕರೆದಾಗ ಸಕ್ಕರೆ ಪರೀಕ್ಷೆಗೆ ಕಳಿಸಿ. ಬಸಿರಿನಲ್ಲಿ ಸಕ್ಕರೆ ಏರಿದ್ದವರು ಹೆರಿಗೆಯಾದ ಆರು ವಾರಕ್ಕೆ ಮತ್ತೊಮ್ಮೆ ರಕ್ತ ಪರೀಕ್ಷೆ ಮಾಡಿಸಬೇಕು. ಆ ಹೊತ್ತಿಗೆ ಬಾಣಂತನದ ಗಡಿಬಿಡಿ. ಮನೆಯವರೇ ನೆನಪಿಟ್ಟು ಕರೆದುಕೊಂಡು ಹೋಗಿ.